ದೊಡ್ಡ ಮಿಕ್ಸರಿನ ದನಿ

ಇದು ನಡೆದದ್ದೇ, ಬೇಕಿದ್ದರೆ ಆ ಹಳೆ ಸೌಂಡ್ ಸಾಮಾನಿನ ಅಂಗಡಿಯಲ್ಲೇ ಕೇಳಿ. ಟವೆಲ್ ಹೊದಿಸಿದ್ದ ಎರಡು ಹಳೆಯ ಡಿಜೆ ಮಿಕ್ಸರ್‌ಗಳ ಮುಂದೆ, ಬಿಡುವಿನಲ್ಲಿ ಡಿಜೆ ಆಗುವ ಆಸೆ ಹೊತ್ತ ಕ್ಷೌರಿಕನೊಬ್ಬ ಕಣ್ಣು ಮುಚ್ಚಿ ಕೂತಿದ್ದ. ದೊಡ್ಡದನ್ನು ಕೊಂಡರೆ ಕೈಯಲ್ಲಿದ್ದ ಹಣವೆಲ್ಲ ಅದಕ್ಕೇ ಸರಿಹೋಗುತ್ತಿತ್ತು. ಚಿಕ್ಕದಾದರೆ ಹೆಡ್‌ಫೋನಿಗೂ ಮಿಗುತ್ತಿತ್ತು. ಅದಿಲ್ಲದೆ ಮುಂದಿನ ಹಾಡನ್ನು ಮೊದಲೇ ಕೇಳಿ ಹೊಂದಿಸುವುದು ಆಗದ ಮಾತು. ಆದರೂ ಅವನ ಮನಸ್ಸೆಲ್ಲ ದೊಡ್ಡದರ ಮೇಲೇ.

"ಕಣ್ಣಿಗೆ ಮೋಸ ಆಗ್ಬಹುದು ಭಾವ, ನನ್ನ ಕಿವಿಗೆ ಆಗಲ್ಲ. ಕೇಳಿಸಿ ನೋಡಿ!" ಅಂಗಡಿ ಅವನ ಭಾವನದು. ಭಾವ ರೈಲು ನಿಲ್ದಾಣದ ಹೆಣ್ಣುದನಿ ತೆಗೆದು, "ಪ್ರಯಾಣಿಕರ ಗಮನಕ್ಕೆ, ಈಗ ಚಿಕ್ಕ ಮಿಕ್ಸರ್," ಎಂದು ಹಾಡು ಹಾಕಿದ.

"ಅಯ್ಯೋ, ನೆಗಡಿ ಆದೋರು ಹಾಡ್ದಂಗಿದೆ."

ಭಾವ ಟವೆಲಿನಡಿ ಏನನ್ನೋ ಟಕ್ಕೆನ್ನಿಸಿದ. "ಈಗ ದೊಡ್ಡ ಮಿಕ್ಸರ್." ಅದೇ ಹಾಡು ಮತ್ತೆ ಬಂತು.

ಕ್ಷೌರಿಕ ತೊಡೆ ತಟ್ಟಿಕೊಂಡ. "ದನಿ ಅಂದ್ರೆ ಇದು ನೋಡಿ! ಎದೆಗೇ ಬಂದು ಕೂತ್ಕೊಳ್ತು. ಇದನ್ನೇ ಪ್ಯಾಕ್ ಮಾಡಿ ಭಾವ."

"ಕಣ್ಣು ಬಿಡಪ್ಪ, ಸಂಗೀತ ಸಾಮ್ರಾಟ," ಎಂದು ಭಾವ ಟವೆಲ್ ಎಳೆದ. ಎರಡು ಸಲವೂ ಹಾಡಿದ್ದು ಚಿಕ್ಕದೇ; ದೀಪ ಮಿನುಗುತ್ತಿದ್ದದ್ದು ಅದರದು ಮಾತ್ರ. ದೊಡ್ಡದರ ಪ್ಲಗ್ಗು ಆಗಿನಿಂದಲೂ ಕ್ಷೌರಿಕನ ಕೈಯ ಪಕ್ಕದಲ್ಲೇ ಮೇಜಿನ ಮೇಲೆ ಬಿದ್ದಿತ್ತು.

ಅವನು ಪ್ಲಗ್ಗನ್ನು ಎತ್ತಿ ನೋಡಿದ. ಭಾವನನ್ನು ನೋಡಿದ. ಭಾವ ನಗು ತಡೆಯಲು ಟವೆಲನ್ನೇ ಬಾಯಿಗೆ ಒತ್ತಿಕೊಂಡಿದ್ದ. "ಚಿಕ್ಕದೇ ಇರ್ಲಿ, ಜೊತೆಗೆ ಹೆಡ್‌ಫೋನೂ ಕೊಡಿ," ಎಂದವನೇ ಕ್ಷೌರಿಕ, ಪಕ್ಕದ ಅಂಗಡಿಯವರು ಬಂದು ಇಣುಕುವಷ್ಟು ಜೋರಾಗಿ ನಗತೊಡಗಿದ.