ನೋವು ಹೊರುವವರ ಹೆಸರು

ಸೈನ್ಯ ಸೇರುವ ದಿನ ಪ್ರತಿಯೊಬ್ಬನೂ ತಾನು ಯಾರಿಗಾಗಿ ಹೋರಾಡುತ್ತೇನೆಂದು ಅರ್ಜಿಯಲ್ಲಿ ಒಂದು ಹೆಸರು ಬರೆಯಬೇಕಿತ್ತು. ಮುಂದೆ ಅವನಿಗೆ ಗಾಯವಾದರೆ ಆ ನೋವನ್ನೆಲ್ಲ ಆ ಹೆಸರಿನವರೇ ಹೊರಬೇಕು. ಜಾಣರು ಊರ ಸಾಹುಕಾರರ ಹೆಸರು ಬರೆದಿದ್ದರು. ಕಾಶವ್ವನ ಗಂಡ ಲಗಮಣ್ಣ ಮಾತ್ರ ಹತ್ತೊಂಬತ್ತರ ಹುರುಪಿನಲ್ಲಿ, ಎದೆಯುಬ್ಬಿಸಿ, 'ದೇಶ' ಎಂದು ಬರೆದಿದ್ದ.

"ದೇಶಕ್ಕ ಮೈ ಎಲ್ಲೈತ್ರಿ ಅಕ್ಕಾರ?" ಎಂದ ಕಚೇರಿಯ ಗುಮಾಸ್ತ. "ನೋವು ಹೊರಾಕ ಒಂದ್ ಮೈ ಬೇಕಲ್ರಿ."

ಕಾಶವ್ವ ಕಿಟಕಿಯ ಸರಳು ಹಿಡಿದು ನಿಂತಿದ್ದಳು; ಲಗಮಣ್ಣ ಗೋಡೆಯ ಬಳಿ ಗಾಲಿಕುರ್ಚಿಯಲ್ಲಿ ಕೂತಿದ್ದ. ಗಂಡನ ತುಂಡಾದ ಕಾಲಿನ ನೋವು ಮೂರು ವರ್ಷದಿಂದ ಅವಳ ಮೊಣಕಾಲಿನಲ್ಲಿತ್ತು. ಹೊರುವವರು ಸಿಗುವ ತನಕವೆಂದು ಹೆಂಡತಿಗೆ ಕೊಟ್ಟ ಅವಧಿ ಇವತ್ತಿಗೆ ಮುಗಿಯುತ್ತಿತ್ತು.

"ನಂದ ಹೆಸರ ಬರ್ಕೊಳ್ರೀ ಸಾಹೇಬ್ರ, ಕಾಲಿಗೆ ಬೀಳ್ತೀನಿ."

"ನಿಮ್ಮ ಎದಿ ಇನ್ನ ತಡಿಯಂಗಿಲ್ಲಂತ ಡಾಕ್ಟರ್ ಬರದಾರ್ರಿ."

ಹನ್ನೊಂದಕ್ಕೆ ರಾಷ್ಟ್ರಗೀತೆ ಮೊಳಗಿತು. ಬೆಂಚಿನ ಮೇಲಿದ್ದವರೆಲ್ಲ ಎದ್ದು ಸೆಟೆದು ನಿಂತರು. ಅದು ಮುಗಿಯುತ್ತಲೇ ಕಾಶವ್ವ ಅವರತ್ತ ತಿರುಗಿ ಸೆರಗೊಡ್ಡಿದಳು.

"ಯಾರರೆ ಒಬ್ರು ಬರ್ರೆಪಾ. ಒಂದ್ ಬೆರಳಿನಷ್ಟರೆ ಹೊರ್ರಿ."

ನಿಂತವರೆಲ್ಲ ಕೂತರು. ಒಬ್ಬ ಬಗ್ಗಿ ಚಪ್ಪಲಿಯ ಉಂಗುಟ ಸರಿಮಾಡಿಕೊಂಡ.

ಅವಳು ಸೆರಗು ಹಿಡಿದೇ ಇದ್ದಳು. ಬೆನ್ನ ಹಿಂದೆ ಗಾಲಿಕುರ್ಚಿ ಕಿಟಕಿಯತ್ತ ಉರುಳಿದ ಸದ್ದಾಯಿತು. ಲಗಮಣ್ಣ ಗುಮಾಸ್ತನಿಗೆ ಮೆಲ್ಲಗೆ ಹೇಳುತ್ತಿದ್ದ: "ನನ್ನ ಹೆಸರ ಬರಿಯಪ್ಪ. ನನ್ನ ಸಲುವಾಗಿನ ಹೋಗಿದ್ನಿ ಅಂತ ಬರಿ."

ಥಟ್ಟನೆ ಅವಳ ಮೊಣಕಾಲು ಹೂವಿನಷ್ಟು ಹಗುರಾಯಿತು. ಮೂರು ವರ್ಷಗಳಲ್ಲಿ ಮೊದಲ ಸಲ ನೆಟ್ಟಗೆ ನಿಂತ ಕಾಶವ್ವನಿಗೆ, ಹಿಂದಿರುಗಿ ನೋಡುವ ಧೈರ್ಯ ಮಾತ್ರ ಬರಲಿಲ್ಲ.