ಗುಬ್ಬಿ ಉಂಡ ಮೇಲೆ

ನನ್ನ ವಾರ್ಡಿನ ರೋಗಿಗಳಿಗೆ ನಾನು ಉಂಡ ಮೇಲೆಯೇ ಹಸಿವು. ಅವರ ಸೋತ ಜೀವಕೋಶಗಳಿಗೆ ನಾನು ಕಸಿ ಮಾಡಿದ್ದು ತೀರಿಹೋದ ಅಮ್ಮನ ಮೈಟೊಕಾಂಡ್ರಿಯ ಎಂಬ ಶಕ್ತಿಕಣಗಳನ್ನು. ಅಮ್ಮ, “ಮೊದಲು ನನ್ನ ಗುಬ್ಬಿ ಉಣ್ಲಿ” ಎನ್ನುತ್ತ, ನಾನು ಲ್ಯಾಬಿನಿಂದ ಬರುವವರೆಗೂ ತಟ್ಟೆ ಮುಟ್ಟುತ್ತಿರಲಿಲ್ಲ.

ಇವತ್ತು ನನಗೆ ಜ್ವರ. ಊಟ ಸೇರಲಿಲ್ಲ.

“ಡಾಕ್ಟ್ರೇ, ಎರಡು ತುತ್ತಾದ್ರೂ ತಿನ್ನಿ. ಇವ್ರ್ಯಾರೂ ಅನ್ನ ಮುಟ್ತಿಲ್ಲ, ಶುಗರ್ ಇಳೀತಿದೆ,” ಎಂದು ನರ್ಸ್ ಫಿಲೋಮಿನಾ ಗೋಗರೆದಳು.

ವಾರ್ಡಿನ ನಡುವೆ ಕುಳಿತು ಮೊಸರನ್ನದ ತುತ್ತು ಬಾಯಿಗಿಟ್ಟೆ. ನುಂಗಲಾಗದೆ, ಚಿಕ್ಕಂದಿನಲ್ಲಿ ಅಮ್ಮನ ಕಣ್ಣು ತಪ್ಪಿಸಿ ಮಾಡುತ್ತಿದ್ದಂತೆ, ಕೆಮ್ಮುವ ನೆಪದಲ್ಲಿ ಕರ್ಚೀಫಿಗೆ ಉಗುಳಿ ಮುಷ್ಟಿಯಲ್ಲಿ ಮುಚ್ಚಿಕೊಂಡೆ.

ಯಾರ ಕೈಯೂ ತಟ್ಟೆಗೆ ಹೋಗಲಿಲ್ಲ. ನನ್ನನ್ನು ಸದಾ ‘ಮೇಡಂ’ ಎನ್ನುವ ಲಾರಿ ಡ್ರೈವರ್ ಖಾದರ್ ಸಾಬರು ಹಾಸಿಗೆಯಿಂದ ಕೈ ಚಾಚಿದರು.

“ಮುಷ್ಟಿ ಬಿಚ್ಚು, ಗುಬ್ಬಿ.”