ಬಿಳಿಗಾರದ ಬಟ್ಟಲು

ನೀಲಿ ಹೋಗಿ ಬಿಳಿ, ಬಿಳಿ ಹೋಗಿ ಕೆಂಪು, ಅದರಡಿಯಲ್ಲಿ ಹಸಿರು ಕಂಡದ್ದೇ ಮೇಷ್ಟ್ರು ಹಳೇ ಪಿಕಪ್ಪಿನ ಮಡ್‌ಗಾರ್ಡ್ ಉಜ್ಜುವುದನ್ನು ನಿಲ್ಲಿಸಿದರು. ಕೈಯಲ್ಲಿದ್ದ ಉಪ್ಪುಕಾಗದವನ್ನು ಮಡಿಸಿ ಜೇಬಿಗೆ ಹಾಕಿಕೊಂಡರು, ಮತ್ತೆ ತೆಗೆದರು.

“ಏನ್ ಮೇಷ್ಟ್ರೆ, ನಿಧಿ ಸಿಕ್ತಾ?” ಎಂದ ಟಿಂಕರ್. ಅವನು ಪಿಕಪ್ಪಿನ ಬಾಗಿಲನ್ನು ದಿಮ್ಮಿಯ ಮೇಲೆ ಮಲಗಿಸಿ ತಗ್ಗು ಬಿದ್ದ ತಗಡನ್ನು ಬಡಿಯುತ್ತಿದ್ದ. “ನಿಧಿ ಆಮೇಲೆ ಎಣಿಸೋರಂತೆ. ನನ್ನ ಬಟ್ಟಲು ಖಾಲಿ ಆಗಿದೆ, ಒಂಚೂರು ಬಿಳಿಗಾರ ಹಾಕಿ ಕೊಡಿ.”

ಕಾದ ಹಿತ್ತಾಳೆ ಕಡ್ಡಿಯನ್ನು ಬಿಳಿಗಾರದ ಪುಡಿಗೆ ಅದ್ದದಿದ್ದರೆ ಬೆಸುಗೆ ಹಿಡಿಯದು. ಮೇಷ್ಟ್ರು ಎದ್ದು ಹೋಗಿ ಡಬ್ಬಿಯಿಂದ ಪುಡಿ ತೆಗೆದು, ಹೊಗೆ ಕುಡಿದು ಕಪ್ಪಾಗಿದ್ದ ಆ ಪುಟ್ಟ ಬಟ್ಟಲಿಗೆ ತುಂಬಿ, ಟಿಂಕರನ ಕಾಲ ಬಳಿ ಇಟ್ಟು ಬಂದರು. ಐದು ವರ್ಷದಿಂದ ಭಾನುವಾರ ಬಂತೆಂದರೆ ಮನೆ ಹಿಂದಿನ ಈ ಶೆಡ್ಡಿನಲ್ಲಿ ಇಬ್ಬರದೂ ಇದೇ ಕೆಲಸ. ನಿವೃತ್ತ ಡ್ರಾಯಿಂಗ್ ಮೇಷ್ಟ್ರಿಗೆ ಹಳೇ ಪಿಕಪ್ಪುಗಳ ಹುಚ್ಚು, ಅದೂ ಗುಂಡು ಮೂಗಿನ ಒಂದೇ ಮಾದರಿ. ಇದು ಆರನೆಯದು. ಒಂದಕ್ಕೆ ಹಿಂದುಗಡೆ ತೇಗದ ಹಲಗೆ ಹಾಸಿದ್ದರು, ಇನ್ನೊಂದಕ್ಕೆ ಅಗಲದ ಚಕ್ರ ಹಾಕಿ ನೆಲ ಮುಟ್ಟುವಷ್ಟು ತಗ್ಗಿಸಿದ್ದರು. ಬೇರೆಯವರು ಎಂಜಿನ್ನಿನಿಂದ ಶುರುಮಾಡಿದರೆ ಮೇಷ್ಟ್ರು ಶುರುಮಾಡುವುದು ಎಡಗಡೆ ಮುಂದಿನ ಮಡ್‌ಗಾರ್ಡಿನ ಬಣ್ಣ ಕೆರೆಯುವುದರಿಂದ. “ಮನೆ ಕಟ್ಟೋರು ಪಾಯ ತೋಡ್ತಾರೆ, ನೀವು ಕಿಟಕಿ ಒರೆಸ್ತೀರಿ” ಎಂದು ಟಿಂಕರ್ ಎಷ್ಟು ಕಾಡಿಸಿದರೂ ಅವರು ನಕ್ಕು ಸುಮ್ಮನಾಗುತ್ತಿದ್ದರು.

ಈಗ ನಗಲಿಲ್ಲ. ಒಂದು ಕಡೆ ಹಸಿರನ್ನೂ ಉಜ್ಜಿದರು. ಬರೀ ತಗಡಿನ ಮೇಲೆ ಹಳದಿ ಚುಕ್ಕೆಗಳು ಎದ್ದವು. ಮೇಲೆ ಮೂರು, ಕೆಳಗೊಂದು. ಮೇಲೆ ಮೂರು, ಕೆಳಗೊಂದು.

“ಹಿತ್ತಾಳೆ ಬೆಸುಗೆ. ಬೆಸುಗೆ ನೋಡಿದ್ರೆ ಯಾರ ಕೈ ಅಂತ ಹೇಳ್ತೀನಿ ಅಂತ ಜಂಬ ಕೊಚ್ಚಿಕೊಳ್ತೀಯಲ್ಲ, ಬಾ, ಹೇಳು.”

ಟಿಂಕರ್ ಬಂದು ಬಗ್ಗಿ ನೋಡಿದ. ಎಲ್ಲರೂ ನೆಗ್ಗನ್ನು ಪಟ್ಟಿ ಎಂಬ ಲೇಪ ಮೆತ್ತಿ ಮುಚ್ಚುತ್ತಿದ್ದ ಕಾಲದಲ್ಲಿ, ಸಣ್ಣ ತೂತು ಕೊರೆದು, ಕೊಕ್ಕೆ ಹಾಕಿ ತಗಡನ್ನು ಹೊರಗೆಳೆದು, ತೂತುಗಳನ್ನು ಹಿತ್ತಾಳೆಯಿಂದ ಮುಚ್ಚುತ್ತಿದ್ದವನು ತಾನೊಬ್ಬನೇ. ತನ್ನ ಕೈಬರಹ ತನಗೆ ಗುರುತಾಗದೆ ಇರುತ್ತದೆಯೇ?

“ಯಾವನೋ ಕೆಲಸ ಬರದವನು,” ಎಂದ. ಸುತ್ತಿಗೆಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದ.

“ಇಲ್ಲ ಕಣೋ, ಶ್ರದ್ಧೆಯಿಂದ್ಲೇ ಮಾಡಿದಾನೆ.” ಮೇಷ್ಟ್ರು ಜೇಬಿನಿಂದ ಬೆಂಕಿಪೊಟ್ಟಣ ತೆಗೆದರು. ಅದರಲ್ಲಿ ಕಡ್ಡಿ ಇರಲಿಲ್ಲ. ಉಗುರಿನಷ್ಟು ಅಗಲದ ಹಸಿರು ಬಣ್ಣದ ಚಕ್ಕೆ ಇತ್ತು. ಅದನ್ನು ಮಡ್‌ಗಾರ್ಡಿನಲ್ಲಿ ಪಕ್ಕಕ್ಕೆ ಉಳಿದಿದ್ದ ಹಸಿರಿನ ಮೇಲಿಟ್ಟರು. ಎಲ್ಲಿಟ್ಟರೆಂದು ಒಂದು ಕ್ಷಣ ಅವರಿಗೇ ಕಾಣಲಿಲ್ಲ.

“ನನ್ನ ಮಗಳ ಸೈಕಲ್ಲಿಗೆ ಅಂಟಿಕೊಂಡಿತ್ತು. ಇಪ್ಪತ್ತೆರಡು ವರ್ಷ ಆಯ್ತು. ಹಸಿರು ಪಿಕಪ್ಪು, ಗುಂಡು ಮೂಗು, ಎಡಗಡೆಯಿಂದ ಗುದ್ದಿ ನಿಲ್ಲಿಸ್ದೆ ಹೋಯ್ತು ಅಂತ ಒಬ್ಬ ಹೇಳಿದ. ಅಷ್ಟೇ. ಪೊಲೀಸರು ಕೈತೊಳ್ಕೊಂಡ್ರು.”

ಮೇಷ್ಟ್ರಿಗೆ ಮಗಳೊಬ್ಬಳಿದ್ದಳು, ಈಗಿಲ್ಲ ಎಂಬುದಷ್ಟೇ ಟಿಂಕರಿಗೆ ಗೊತ್ತಿತ್ತು. ಕೇಳಿದರೆ ನೋಯುತ್ತಾರೆಂದು ಎಂದೂ ಕೇಳಿರಲಿಲ್ಲ.

“ಮತ್ತೆ... ಆ ಐದು ಗಾಡಿ? ಅಷ್ಟೊಂದು ಸಿಂಗಾರ ಮಾಡಿದ್ವಲ್ಲ?”

“ಬಿಚ್ಚಿದ ಮೇಲೆ ಹಾಗೇ ಬಿಡೋಕಾಗುತ್ತೇನೋ? ಅವೇನು ತಪ್ಪು ಮಾಡಿದ್ವು?” ಮೇಷ್ಟ್ರು ಚುಕ್ಕೆಗಳ ಮೇಲೆ ಬೆರಳಾಡಿಸಿದರು. “ಅವಳದ್ದೆಲ್ಲಾ ಸಿಕ್ತು. ಚಪ್ಪಲಿ, ಕಂಪಾಸ್ ಬಾಕ್ಸು. ಸೈಕಲ್ ಬೆಲ್ಲಿನ ಮುಚ್ಚಳ ಒಂದು ಸಿಗಲಿಲ್ಲ. ಹಿಂದಿನ ದಿನ ಹೊಸದು ಹಾಕಿಸಿದ್ದೆ. ಬೀದಿಯುದ್ದಕ್ಕೂ ಹೊಡ್ಕೊಂಡೇ ಹೋದ್ಲು. ಮೂರು ದಿನ ಚರಂಡಿ ಜಾಲಾಡಿದೆ.”

ಇಪ್ಪತ್ತೆರಡು ವರ್ಷದ ಹಿಂದಿನ ಆ ಬೆಳಗು ಟಿಂಕರನ ಕಣ್ಣಿಗೆ ಕಟ್ಟಿತು. ಬಾಗಿಲು ತೆಗೆಯುವ ಮೊದಲೇ ಅಂಗಡಿಯ ಮುಂದೆ ಗಾಡಿ ನಿಂತಿತ್ತು. ‘ಕಂಬಕ್ಕೆ ತಾಗಿಸಿಬಿಟ್ಟೆ, ಸಂಜೆಯೊಳಗೆ ಬೇಕು’ ಎಂದಿದ್ದ ಬಂದವನು. ದೀಪದ ಸಂದಿಯಿಂದ ಹೊಳೆಯುವ ಮುಚ್ಚಳವೊಂದನ್ನು ಕಿತ್ತು ತೆಗೆದಾಗ, ಕಂಬಕ್ಕೆ ಬೆಲ್ ಇರುವುದಿಲ್ಲವೆಂದು ತಿಳಿಯದಷ್ಟು ದಡ್ಡನೇನಲ್ಲ ಅವನು. ಆದರೆ ಅಂಗಡಿ ಹೊಸದು, ಕಸುಬು ಹೊಸದು. ಬಾಯಿಗೆ ಬೀಗ ಹಾಕಿಕೊಂಡ. ಬಂದವನ ಹೆಸರನ್ನು ಕೇಳಬಾರದೆಂದೇ ಕೇಳಲಿಲ್ಲ. ಮುಚ್ಚಳ ಗಟ್ಟಿಯಾಗಿತ್ತು, ಬಿಸಾಡಲು ಮನಸ್ಸು ಬರಲಿಲ್ಲ.

ಈಗಲೂ ಗೊತ್ತಿಲ್ಲ ಎಂದುಬಿಡಬಹುದಿತ್ತು. ಮೇಷ್ಟ್ರು ನಂಬುತ್ತಿದ್ದರು. ಮುಂದಿನ ಭಾನುವಾರವೂ ಬಾ ಎನ್ನುತ್ತಿದ್ದರು.

ಟಿಂಕರ್ ತನ್ನ ಜಾಗಕ್ಕೆ ಹೋಗಿ ಬಟ್ಟಲನ್ನು ನೆಲಕ್ಕೆ ಬೋರಲು ಹಾಕಿದ. ಬಿಳಿ ಪುಡಿ ಚೆಲ್ಲಿತು. ಸೀಮೆಎಣ್ಣೆಯ ಬಟ್ಟೆಯಿಂದ ಹೊರಮೈಯನ್ನು ತಿಕ್ಕಿದ. ಮಸಿ ಬಿಟ್ಟುಕೊಂಡು, ಒಂದು ಕಡೆ ಬೆಳ್ಳಗೆ ಹೊಳೆಯಿತು. ನಡುವೆ, ತಿರುಪು ಕೂರುವ ತೂತನ್ನು ಹಿತ್ತಾಳೆಯ ಹನಿಯೊಂದು ಮುಚ್ಚಿತ್ತು. ತಂದು ಹಸಿರು ಚಕ್ಕೆಯ ಪಕ್ಕದಲ್ಲಿಟ್ಟ.

“ಮೇಷ್ಟ್ರೆ, ಕಂಬಕ್ಕೆ ತಾಗಿದೆ ಅಂದ. ನಾನು...” ಎಂದ ಟಿಂಕರ್.

ಮೇಷ್ಟ್ರು ಬೆಲ್ಲಿನ ಮುಚ್ಚಳವನ್ನು ಎತ್ತಿಕೊಂಡರು. ಅದನ್ನು ಅಂಗೈಯಲ್ಲಿಟ್ಟುಕೊಂಡು, ಒಳಗೆ ಅಂಟಿದ್ದ ಬಿಳಿ ಪುಡಿಯನ್ನು ಹೆಬ್ಬೆರಳಿನಿಂದ ಒರೆಸುತ್ತಲೇ ಇದ್ದರು.

“ಪ್ರತಿ ವಾರ,” ಎಂದರು ಕಡೆಗೆ, “ನಾನೇ ತುಂಬಿ ಕೊಡ್ತಿದ್ದೆನಲ್ಲೋ.”